ಕೌಂಟೆಸ್ ನಿಂತ ಶನಿವಾರ

ಮಾರ್ಚ್ 6, ಗುರುವಾರ

ಲೆನ್ಸ್ ಒರೆಸಿದ್ದಾಯಿತು. ಎರಡು ಬ್ಯಾಟರಿ ಚಾರ್ಜಿಗೆ ಹಾಕಿದೆ. ಶನಿವಾರದ ಟೈಮಿಂಗ್ ಬಂತು. ಹಬೆ ಎಂಜಿನ್ ಕೌಂಟೆಸ್ ಸೆಟ್ಲ್ ಸ್ಟೇಷನ್ ಬಿಡುವುದು 11.42ಕ್ಕೆ, ಆಲ್ಡರ್ಸನ್ ಹುಲ್ಲುಗಾವಲಿನ ತಿರುವಿಗೆ 12.07ರ ಸುಮಾರು. ಒಂಬತ್ತು ಬೋಗಿ. ಹಿಂದಿನಿಂದ ತಳ್ಳಲು ಡೀಸೆಲ್ ಎಂಜಿನ್ ಇಲ್ಲವಂತೆ. ನೋಡಿದ ಮೇಲೆ ನಂಬಿದರಾಯಿತು.

ನಮ್ಮ ರೈಲು ಫೋಟೋ ಸಂಘದ ಪತ್ರಿಕೆಗೆ ನನ್ನ ಕಾಲಂ ಕಳಿಸಿದೆ. ಅದೇ ಹಳೇ ಪುರಾಣ — ಬೇಲಿ ದಾಟಬೇಡಿ, ಗೇಟು ಹಾಕಿ, ಇನ್ನೊಬ್ಬರ ಫ್ರೇಮಿಗೆ ತಲೆ ತೂರಿಸಬೇಡಿ. ಹನ್ನೊಂದು ವರ್ಷದಿಂದ ಬರೆಯುತ್ತಿದ್ದೇನೆ. ಹೋದ ತಿಂಗಳು ಒಬ್ಬ ಮಹಾಶಯ ಹಳಿಯಿಂದ ಎರಡು ಮಾರು ದೂರದಲ್ಲಿ ಮೊಣಕಾಲೂರಿ ಕೂತಿದ್ದ. ಇಂಥವರಿಂದಲೇ ಒಂದು ದಿನ ರೈಲ್ವೆಯವರು ಹಬೆ ರೈಲನ್ನೇ ನಿಲ್ಲಿಸಿಬಿಡುತ್ತಾರೆ.

ಡೆಸ್ ಫೋನ್ ಮಾಡಿದ್ದ. ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದನಂತೆ. ಎಡಗಣ್ಣಿನ ನಡುವೆ ಈಗ ಬರೀ ಕಪ್ಪು. ಬಲಗಣ್ಣೂ ಅದೇ ದಾರಿ ಹಿಡಿದಿದೆ. "ಬೇಸಿಗೆವರೆಗೆ ಇದ್ರೆ ಪುಣ್ಯ ಅಂದ್ರು ಕಣೋ ಕ್ಲಿಫ್. ಅಷ್ಟರಲ್ಲಿ ಅವಳನ್ನೊಂದ್ಸಲ ಸರಿಯಾಗಿ ಹಿಡೀಬೇಕು." ಅವಳು ಎಂದರೆ ಕೌಂಟೆಸ್. ಆ ತಿರುವಿನಲ್ಲಿ ನಾಲ್ಕು ಸಲ ಪ್ರಯತ್ನಿಸಿದ್ದಾನೆ. ಎರಡು ಸಲ ಮೋಡ. ಒಂದು ಸಲ ನಡುವೆ ಕಲ್ಲಿನ ಗೂಡ್ಸ್ ಗಾಡಿ. ಇನ್ನೊಂದು ಸಲ ಲೆನ್ಸಿನ ಮುಚ್ಚಳ ತೆಗೆಯುವುದನ್ನೇ ಮರೆತು ನನ್ನನ್ನು ಬೈದ. ಇದೇ ಲೈನಿನಲ್ಲಿ ಮೂವತ್ತು ವರ್ಷ ಗಾರ್ಡ್ ಆಗಿದ್ದವನು. ನಾನು ಬಸ್ಸು ಓಡಿಸಿದವನು. ರೈಲಿನ ಬಗ್ಗೆ ನನಗೆ ಗೊತ್ತಿರುವುದೆಲ್ಲ ಅವನು ಕಲಿಸಿದ್ದು.

ಮಾರ್ಚ್ 7, ಶುಕ್ರವಾರ

ಹುಲ್ಲುಗಾವಲಿಗೆ ಹೋಗಿ ಜಾಗ ನೋಡಿಬಂದೆ. ಹಳಿಯ ಪಕ್ಕದ ಮುಳ್ಳುಪೊದೆ ಆಳೆತ್ತರ ಬೆಳೆದಿದೆ. ನಾವು ನಿಂತರೆ ಹೇಗೋ ಕಂಡೀತು. ಡೆಸ್ ಸ್ಟೂಲಿನ ಮೇಲೆ ಕೂರುವವನು. ಅವನಿಗೆ ಎಲೆಯಿಲ್ಲದ ಮುಳ್ಳು ಬಿಟ್ಟು ಬೇರೇನೂ ಕಾಣದು.

ಸರಿ, ತೋಟಗಾರಿಕೆ ಮಾಡಿದೆ. ನಮ್ಮ ಮಂದಿ ಇದಕ್ಕೆ ಇಟ್ಟ ಹೆಸರು ಅದು. ಅಡ್ಡ ಬರುವ ಕೊಂಬೆಯನ್ನು ಹಿಂದಿನ ದಿನವೇ ಸದ್ದಿಲ್ಲದೆ ಕಡಿದು ಬರುವುದು. ಎಲ್ಲರ ಡಿಕ್ಕಿಯಲ್ಲೂ ಒಂದು ಗರಗಸ ಇರುತ್ತದೆ, ಯಾರೂ ಬಾಯಿ ಬಿಡುವುದಿಲ್ಲ. ನನ್ನ ಕಾಲಂನಲ್ಲೂ ಇದರ ಸುದ್ದಿ ಎತ್ತಿದವನಲ್ಲ.

ಎಡಗಡೆ, ತಿರುವಿಗೆ ಅಡ್ಡವಿದ್ದ ಕಡೆ, ಆರಡಿ ಅಗಲ ಕಡಿದೆ. ಬುಡ ಎಳೆದಾಗ ಅದರೊಳಗಿದ್ದ ರೈಲ್ವೆಯವರ ಬೇಲಿ ತಂತಿಯೂ ಜತೆಗೇ ಬಂತು. ತುಕ್ಕು ಹಿಡಿದು ಪುಡಿಯಾಗಿತ್ತು. ಇಷ್ಟು ದಿನ ಬೇಲಿಯೆಂದು ಇದ್ದದ್ದು ಆ ಪೊದೆಯೇ. ಹುಲ್ಲಿನ ಪಿಂಡಿ ಕಟ್ಟುವ ದಾರ ಸಿಕ್ಕಿತು, ಅಡ್ಡಡ್ಡ ನಾಲ್ಕು ಸುತ್ತು ಬಿಗಿದೆ. ಹುಲ್ಲುಗಾವಲಿನ ಒಡತಿ ಮಿಸೆಸ್ ಆಲ್ಡರ್ಸನ್‌ಗೆ ಹೇಳಬೇಕಿತ್ತು. ಹೇಳಿದರೆ ಕೇಳದೆ ಕಡಿದದ್ದು ಯಾಕೆ ಎನ್ನುತ್ತಾಳೆ. ನಾಳೆ ಒಂದು ದಿನ ತಡೆದರೆ ಸಾಕು, ಭಾನುವಾರ ಬಂದು ಹೊಸ ತಂತಿ ಹಾಕಿದರಾಯಿತು.

ಮಾರ್ಚ್ 8, ಶನಿವಾರ. ಸಂಜೆ 5

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಎಂಟು ಜನ ಇದ್ದೆವು. ಮಿಸೆಸ್ ಆಲ್ಡರ್ಸನ್ ಎಂದಿನಂತೆ ಸಿಗ್ನಲ್‌ಮನ್‌ಗೆ ಫೋನ್ ಮಾಡಿ ಕೇಳಿ, ನಮ್ಮನ್ನು ತನ್ನ ಅಂಗಳದಿಂದ ಹಳಿ ದಾಟಿಸಿದಳು. ಆಚೆ ಬದಿಯ ಗೇಟು ದಾಟಿದರೆ ಹುಲ್ಲುಗಾವಲು, ಅಲ್ಲಿ ಅವಳ ಗಬ್ಬದ ಕುರಿಗಳು. ಕೊನೆಗೆ ದಾಟಿದವನು ಗೇಟಿಗೆ ಸರಪಳಿ ಹಾಕಬೇಕು. ಕೊನೆಯವನು ಡೆಸ್. ನಿಧಾನ ಅವನದು.

ಟ್ರೈಪಾಡ್‌ಗಳು ಸಾಲಾಗಿ ನಿಂತವು. ಕಡಿದ ಜಾಗ ನೋಡಿ ಪತ್ರಿಕೆಯ ಸಂಪಾದಕ ಲೆಸ್ಲಿ ಕಣ್ಣು ಹೊಡೆದ. "ರಾತ್ರಿ ಜಿಂಕೆ ಬಂದು ತಿಂದಿರ್ಬೇಕು, ಅಲ್ವಾ?" ಎಲ್ಲರೂ ನಕ್ಕರು. ಡೆಸ್ ಸ್ಟೂಲಿನಲ್ಲಿ ಕೂತು ಬಲಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿದ. "ಅಯ್ಯೋ, ತಿರುವು ಪೂರ್ತಿ ಕಾಣ್ತಿದೆಯಲ್ಲೋ!" ಅವನ ಮುಖ ನೋಡಿ ನನಗೆ ಹೊಟ್ಟೆ ತುಂಬಿತು.

12.05ಕ್ಕೆ ಸದ್ದು ಕೇಳಿಸಿತು. ಏರುವಾಗಿನ ಒಂದೊಂದು ಉಸಿರೂ ಬಿಡಿಬಿಡಿಯಾಗಿ. ಬಿಸಿಲು ಬಿತ್ತು. ಚಳಿಗೆ ಹಬೆ ಹಾಲಿನಂತೆ ಬಿಳಿ. ಬಂದಳು. ಎಂಟೂ ಕ್ಯಾಮೆರಾ ಒಟ್ಟಿಗೆ ಕಟಕಟ ಎಂದವು. ಆಮೇಲೆ ಸಿಳ್ಳೆ. ನಮಗೆ ಹೊಡೆಯುವ ಸಿಳ್ಳೆ ಅಲ್ಲ, ಉದ್ದಕ್ಕೆ, ಬಿಡದೆ. ಬ್ರೇಕು ಕಿರುಚಿತು. ಹಬೆ ಕುಸಿಯಿತು.

"ಏನಾಯ್ತೋ?" ಎಂದ ಡೆಸ್. "ಇಂಥಾ ಏರಲ್ಲಿ ಯಾಕೆ ಉಸಿರು ನಿಲ್ಸಿದ್ಳು?"

"ಕುರಿ," ಎಂದೆ.

ಮೂರು ಸತ್ತವು. ಉಳಿದವನ್ನು ಓಡಿಸಲು ಮಿಸೆಸ್ ಆಲ್ಡರ್ಸನ್ ನಾಯಿಯ ಜತೆ ಗೇಟು ತೆಗೆದು ಓಡಿಬಂದಳು. ಗೇಟು ಹಾಗೇ ತೆರೆದಿತ್ತು. ಮೊದಲು ಹಾಕಿತ್ತೇ, ಇಲ್ಲವೇ ಎಂದು ಆಮೇಲೆ ಹೇಳುವವರು ಯಾರು?

"ಕೊನೇಲಿ ಬಂದಿದ್ದು ಯಾರು?" ಎಂದ ಲೆಸ್ಲಿ.

ಎಲ್ಲರೂ ಡೆಸ್ ಕಡೆ ತಿರುಗಿದರು. "ನಾನೇ," ಎಂದ ಅವನು. "ಸರಪಳಿ ಹಾಕ್ದೆ... ಹಾಕಿದ್ನಲ್ಲ? ಕೊಂಡಿ ಕಾಣ್ಲಿಲ್ಲ, ಕೈಯಲ್ಲೇ ತಡಕಿ ಹಾಕ್ದೆ." ತನ್ನ ಕೈಗಳನ್ನೇ ನೋಡಿಕೊಂಡ.

ನಾನು ಬೇಲಿಯ ಕಡೆ ಹೋದೆ. ದಾರ ಹರಿದಿತ್ತು. ಪಕ್ಕದಲ್ಲಿ ಉಳಿದ ತಂತಿಯ ತುದಿಗೆ ಉಣ್ಣೆ ಸಿಕ್ಕಿಕೊಂಡಿತ್ತು. ನಿನ್ನೆ ಕಡಿದ ಕೊಂಬೆಗಳು ಅಲ್ಲೇ ಬಿದ್ದಿದ್ದವು. ಎತ್ತಿ ಸಂದಿನೊಳಗೆ ತುರುಕಿದೆ. ವಾಪಸ್ ಬಂದು, ಯಾರೂ ಕೇಳದಿದ್ದರೂ, "ಆ ಕಡೆ ಏನೂ ಇಲ್ಲ" ಎಂದೆ.

ಮಿಸೆಸ್ ಆಲ್ಡರ್ಸನ್ ತನ್ನ ಅಡುಗೆಮನೆಯಲ್ಲಿ ಎಲ್ಲರಿಗೂ ಚಹಾ ಕೊಟ್ಟಳು. ಡೆಸ್ ಟೋಪಿ ಕೈಯಲ್ಲಿ ಹಿಡಿದು ಕ್ಷಮೆ ಕೇಳಿದ. ಎಪ್ಪತ್ತಾರರ ಮನುಷ್ಯ, ಎಲ್ಲರ ಮುಂದೆ ಅತ್ತ. ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಳ್ಳುತ್ತ ಕೂತಿದ್ದೆ.

ಮಾರ್ಚ್ 9

ತಂತಿ ಹಾಕಲು ಹೋಗಲಿಲ್ಲ. ರೈಲ್ವೆಯವರೇ ಬಂದು ಬೇಲಿ ಪೂರ್ತಿ ಹೊಸದು ಹಾಕುತ್ತಾರಂತೆ. ಹಳೆಯದೆಲ್ಲ ಕಿತ್ತು ಸುಡುತ್ತಾರಂತೆ. ಕೇಳಿ ಸಮಾಧಾನವಾಯಿತು. ಛೀ.

ಮಾರ್ಚ್ 15, ಶನಿವಾರ

ಡೆಸ್ ಮನೆಗೆ ಹೋಗಿದ್ದೆ. ಕ್ಯಾಮೆರಾ ಚೀಲ ಅಟ್ಟ ಸೇರಿದೆ. "ಇನ್ನು ಸಾಕು ಮಾರಾಯ. ಗೇಟು ಹಾಕಕ್ಕೂ ಆಗ್ದಿರೋನು ಹಳಿ ಹತ್ರ ಹೋಗ್ಬಾರ್ದು. ಈ ಸಲ ಕುರಿ, ನಾಳೆ ಮನುಷ್ಯ."

"ಯಾರಿಗಾದ್ರೂ ಆಗತ್ತೆ ಡೆಸ್."

"ಗಾರ್ಡ್ ಆಗಿದ್ದೆ ಕಣೋ. ನಂಗಾಗ್ಬಾರ್ದು."

ಮೆಮೊರಿ ಕಾರ್ಡ್ ನನ್ನ ಕೈಗಿಟ್ಟ. ಸ್ಕ್ರೀನಿನಲ್ಲಿ ನೋಡಿದರೆ ಎಲ್ಲ ಅಲೆ ಅಲೆಯಾಗಿ ಕಾಣುತ್ತದಂತೆ. ನೋಡಿ ಹೇಳು ಎಂದ. ಚೆನ್ನಾಗಿ ಬಂದದ್ದೊಂದನ್ನು ಪ್ರಿಂಟ್ ಹಾಕಿಸಿ ಮಿಸೆಸ್ ಆಲ್ಡರ್ಸನ್‌ಗೆ ಕೊಡಬೇಕಂತೆ, ತನ್ನ ತಪ್ಪಿಗೆ.

ಅವನ ಮಗಳು ಗ್ವೆಂಡಾ ಬಾಗಿಲವರೆಗೆ ಬಂದಳು. "ಕ್ಲಿಫ್ ಅಂಕಲ್, ಅಪ್ಪ ತೋಟಕ್ಕೂ ಇಳೀತಿಲ್ಲ. ಅಡುಗೆಮನೇಲಿ ಕೂತ್ಕೊಂಡು ಬಾಗಿಲ ಚಿಲಕ ಹಾಕೋದು, ತೆಗೆಯೋದು, ಹಾಕೋದು, ತೆಗೆಯೋದು. ನೀವಾದ್ರೂ ಏನಾದ್ರೂ ಹೇಳಿ."

ಮಾರ್ಚ್ 16

ಕಾರ್ಡ್ ನೋಡಿದೆ. ಮೂವತ್ತೊಂದು ಚಿತ್ರ. ಇಪ್ಪತ್ತಮೂರನೆಯದು...

ಇಷ್ಟು ವರ್ಷದಲ್ಲಿ ನಾವ್ಯಾರೂ ಇಂಥದ್ದು ತೆಗೆದಿಲ್ಲ. ಅದೂ ಮುಕ್ಕಾಲು ಕುರುಡ ತೆಗೆದದ್ದು. ಕೌಂಟೆಸ್ ತಿರುವಿನಲ್ಲಿ ವಾಲಿದ್ದಾಳೆ, ಬಿಸಿಲು ಚಕ್ರದ ಮೇಲೆ, ಹಬೆ ಗುಡ್ಡದವರೆಗೆ. ಎಡಕ್ಕೆ ಗೇಟು. ಮುಚ್ಚಿದೆ. ಸರಪಳಿ ಎರಡು ಸುತ್ತು ಸುತ್ತಿದೆ, ದೊಡ್ಡದು ಮಾಡಿ ನೋಡಿದೆ. ಅದರಾಚೆ, ಅಂಚಿನಲ್ಲಿ, ನಾನು ಕಡಿದ ಸಂದು. ಒಂದು ಕುರಿ ಅರ್ಧ ಆಚೆ, ಅರ್ಧ ಈಚೆ.

ಮಾರ್ಚ್ 17

ಎಡಭಾಗ ಕತ್ತರಿಸಿ ಪ್ರಿಂಟ್ ಹಾಕಿಸಿದೆ. ಒಯ್ದು ಕೊಟ್ಟೆ. ಡೆಸ್ ಬೆರಳಿನಿಂದ ಕಾಗದ ಸವರಿ, "ಹೇಳು" ಎಂದ. ಚಕ್ರ, ಬಿಸಿಲು, ಹಬೆ ಎಲ್ಲ ಹೇಳಿದೆ. ಚೆನ್ನಾಗಿ ಹೇಳುತ್ತೇನೆ ನಾನು, ಕಾಲಂ ಬರೆಯುವವನಲ್ಲವೇ.

"ಗೇಟು ಬಂದಿದ್ಯಾ ಅದ್ರಲ್ಲಿ?"

"ಇಲ್ಲ."

"ಹೋಗ್ಲಿ ಬಿಡು."

ಮಾರ್ಚ್ 24

ಲೆಸ್ಲಿಯ ಫೋನ್. ಗೇಟಿನ ಬಗ್ಗೆ ಕಾಲಂನಲ್ಲಿ ಬರೆಯಬೇಕಂತೆ, ಹೆಸರು ಹಾಕದೆ. ಆಗುವುದಿಲ್ಲ ಎಂದರೆ ಯಾಕೆ ಎನ್ನುತ್ತಾನೆ. ಬರೆದೆ. "ದೃಷ್ಟಿ ಮಂದವಾದ ಹಿರಿಯರನ್ನು ಕೊನೆಗೆ ಬಿಡಬೇಡಿ." ಹದಿನೈದೇ ನಿಮಿಷದಲ್ಲಿ ಮುಗಿಯಿತು.

ಏಪ್ರಿಲ್ 5, ಶನಿವಾರ

ಕೌಂಟೆಸ್ ಮತ್ತೆ ಬಂದಳು. ಹುಲ್ಲುಗಾವಲಿಗೆ ಈಗ ಯಾರನ್ನೂ ಬಿಡುವುದಿಲ್ಲ, ರಸ್ತೆ ಸೇತುವೆಯ ಮೇಲೆ ನಿಂತೆ. ಬೆಳಿಗ್ಗೆ ಡೆಸ್‌ನನ್ನು ಕರೆದೆ, ಕಾಡಿದೆ, ಬೇಡಿಕೊಂಡೆ. ಸೇತುವೆಗೆ ಗೇಟೇ ಇಲ್ಲವಲ್ಲ ಎಂದೆ. ಅವನು ನಕ್ಕ. "ಪತ್ರಿಕೇಲಿ ಬರ್ದಿದೀಯಲ್ಲೋ. ಗ್ವೆಂಡಾ ಓದಿ ಹೇಳಿದ್ಳು. ಸರಿಯಾಗೇ ಬರ್ದಿದೀಯ."

ಆಕಾಶದಲ್ಲಿ ಒಂದು ಚೂರೂ ಮೋಡವಿರಲಿಲ್ಲ. ಇಂಥ ದಿನ ಈ ಲೈನಿನಲ್ಲಿ ವರ್ಷಕ್ಕೊಂದು ಸಿಕ್ಕರೆ ಹೆಚ್ಚು. ಕ್ಯಾಮೆರಾ ಎತ್ತಲಿಲ್ಲ.

ಏಪ್ರಿಲ್ 16, ಬುಧವಾರ

ಗ್ವೆಂಡಾ ಫೋನ್ ಮಾಡಿದಳು. ನಿನ್ನೆ ಡೆಸ್‌ನ ಬಲಗಣ್ಣಿನೊಳಗೆ ರಕ್ತನಾಳ ಒಡೆದಿದೆ. ಬೆಳಕು-ಕತ್ತಲು ಅಷ್ಟೇ ತಿಳಿಯುತ್ತದೆ. ದೃಷ್ಟಿ ಇನ್ನು ತಿರುಗಿ ಬರುವುದಿಲ್ಲ ಎಂದರಂತೆ.

ಏಪ್ರಿಲ್ 17

ಪೂರ್ತಿ ಚಿತ್ರ ಪ್ರಿಂಟ್ ಹಾಕಿಸಿ ಮಿಸೆಸ್ ಆಲ್ಡರ್ಸನ್ ಮನೆಗೆ ಹೋದೆ. ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ — ಗರಗಸ, ತಂತಿ, ದಾರ, ತುರುಕಿದ ಕೊಂಬೆ. ಬಹಳ ಹೊತ್ತು ಚಿತ್ರ ನೋಡಿದಳು.

"ಕುರಿ ಹೋದ್ರೆ ಹೋಯ್ತು. ಹಿಮ ಬಿದ್ದ ವರ್ಷ ಇದಕ್ಕಿಂತ ಹೆಚ್ಚು ಸತ್ತಿವೆ. ಆ ಮುದುಕ ಇಲ್ಲೇ, ಈ ಮೇಜಿನ ಮುಂದೆ ನಿಂತ್ಕೊಂಡು ಅತ್ತ. ನೀನು ಪಕ್ಕದಲ್ಲೇ ಕೂತ್ಕೊಂಡು ನನ್ನ ಕೇಕ್ ತಿಂದೆ. ಎರಡು ತುಂಡು."

ಎರಡು ತುಂಡು. ಹೌದು. ಅದನ್ನು ಆವತ್ತು ಬರೆದಿರಲಿಲ್ಲ.

"ನಂಗೆ ಹೇಳ್ಬಿಟ್ರೆ ಮುಗೀತು ಅಂದ್ಕೊಂಡ್ಯಾ? ಎದ್ದು ಅವನ ಹತ್ರ ಹೋಗು."

ರೈಲ್ವೆಯವರಿಗೆ ಪತ್ರ ಹಾಕಿದೆ. ಲೆಸ್ಲಿಗೂ. ಕಾಲಂ ಇನ್ನು ಮೇಲೆ ಬೇರೆ ಯಾರಾದರೂ ಬರೆಯಲಿ.

ಏಪ್ರಿಲ್ 18, ಗುಡ್ ಫ್ರೈಡೇ

ಹೇಳಿದೆ. ನಿಂತೇ ಹೇಳಿದೆ, ಕೂರಲು ಮನಸ್ಸಾಗಲಿಲ್ಲ. ಡೆಸ್ ಸದ್ದು ಬಂದ ಕಡೆ ಮುಖ ಮಾಡಿ ಕೇಳಿದ.

"ಸರಪಳಿ ಹಾಕಿತ್ತಾ?"

"ಎರಡು ಸುತ್ತು."

"ಎರಡು ಸುತ್ತು." ತಲೆಯಾಡಿಸಿದ. ಬಯ್ಯುತ್ತಾನೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. "ನಂಗೋಸ್ಕರ ಕಡಿದೆ, ಅಲ್ವಾ? ನಂಗೆ ಕಾಣ್ಲಿ ಅಂತ. ಅದು ಅರ್ಥ ಆಗತ್ತೆ. ಹೆದ್ರಿಕೊಂಡೆ, ಅದೂ ಅರ್ಥ ಆಗತ್ತೆ. ಆದ್ರೆ ಇನ್ನೂ ಐದು ವಾರ ಕಣ್ಣಿತ್ತಲ್ಲೋ ಕ್ಲಿಫ್. ಅವಳು ಇನ್ನೊಂದ್ಸಲ ಬಂದ್ಳು. ಮೋಡ ಇರ್ಲಿಲ್ಲ ಅಂದ್ರು. ನಾನಿಲ್ಲಿ ಕೂತ್ಕೊಂಡು ಈ ಗೋಡೆ ನೋಡಿದೆ. ಕೊನೇಲಿ ನೋಡಿದ್ದು ಇದೇ ಗೋಡೆ."

ನಾನೂ ಆ ಗೋಡೆಯನ್ನು ನೋಡಿದೆ.

"ಈಗ ಹೊರಡು," ಎಂದ. ಗ್ವೆಂಡಾ ಬಾಗಿಲು ತೆರೆದು ನಿಂತಳು. ಅಂಕಲ್ ಎನ್ನಲಿಲ್ಲ.

ಏಪ್ರಿಲ್ 26, ಶನಿವಾರ. ಬೆಳಿಗ್ಗೆ 10.20

ನಿನ್ನೆ ಗ್ವೆಂಡಾ ಫೋನ್ ಮಾಡಿದಳು. ಧ್ವನಿ ಗಟ್ಟಿಯಾಗಿತ್ತು. "ಅಪ್ಪ ಬರಕ್ಕೆ ಹೇಳಿದಾರೆ. ಸಮಾಧಾನ ಆಗಿದೆ ಅಂತೆಲ್ಲ ಅಂದ್ಕೋಬೇಡಿ. ಆ ಫೋಟೋದಲ್ಲಿ ಏನಿದೆ ಅಂತ ಇನ್ನೊಂದ್ಸಲ ಹೇಳ್ಬೇಕಂತೆ. ಈ ಸಲ ಏನೂ ಬಿಡ್ದೆ."

ಅವರ ಮನೆಯ ಮುಂದೆ ಕಾರಿನಲ್ಲಿ ಕೂತಿದ್ದೇನೆ. ಪ್ರಿಂಟ್ ತೊಡೆಯ ಮೇಲಿದೆ. ಬಾಯಿಗೆ ಬಂದಂತೆ ಹೇಳಿದರೆ ಮತ್ತೆ ಚಂದ ಮಾಡಿಬಿಡುತ್ತೇನೆ, ನನ್ನ ಚಾಳಿ ನನಗೆ ಗೊತ್ತು. ಬರೆದುಕೊಂಡೇ ಹೋಗುತ್ತೇನೆ.

ಎಡ ಅಂಚು. ಕಡಿದ ಬುಡಗಳು, ಏಳು, ಕೊಯ್ದ ಕಡೆ ಇನ್ನೂ ಬಿಳಿ. ಸಂದಿನಲ್ಲಿ ಕುರಿ, ಹೊಟ್ಟೆ ದೊಡ್ಡದು, ಮುಂಗಾಲು ಜಲ್ಲಿಯ ಮೇಲೆ. ಅದರ ಹಿಂದೆ ಇನ್ನೆರಡು ಕಾಯುತ್ತಿವೆ. ಗೇಟು, ಮುಚ್ಚಿದೆ. ಫ್ರೇಮಿನ ಕೆಳಗೆ ಬಲಮೂಲೆಯಲ್ಲಿ ಯಾರದೋ ಅರ್ಧ ತಲೆ, ಬೂದು ಟೋಪಿ. ನನ್ನದು. ಇಷ್ಟು ದಿನ ಗಮನಿಸಿರಲಿಲ್ಲ. ಮುಖ ಎಂಜಿನ್ ಕಡೆಗಿಲ್ಲ, ಸಂದಿನ ಕಡೆಗಿದೆ. ಹಬೆ ಇನ್ನೂ ಕುಸಿದಿಲ್ಲ. ಅಂದರೆ ಸಿಳ್ಳೆ ಹೊಡೆಯುವ ಮೊದಲೇ ನಾನು ಆ ಕುರಿಯನ್ನು ನೋಡಿದ್ದೆ.