ಓಡಿಸಿ ತೋರಿಸದೆ ಕೊಟ್ಟ ಮನೆಗಾಡಿ

ಕ್ವಾರ್ಟ್‌ಸೈಟ್, ಅರಿಝೋನಾ
ಜನವರಿ ೧೭

ಪ್ರೀತಿಯ ಆರ್ಡಿತ್,

ಹೇಗಿದ್ದೀಯ? ಮಂಡಿನೋವು ಇಳಿಯಿತೆ? ಉತ್ತರ ತಡವಾಯಿತು, ಕ್ಷಮಿಸು. ಊರೂರು ಅಲೆಯುವ ನಮ್ಮಂಥವರ ಅಂಚೆಯೆಲ್ಲ ಸೌತ್ ಡಕೋಟದಲ್ಲಿ ಹೆಸರಿಗೆಂದು ಇಟ್ಟುಕೊಂಡ ವಿಳಾಸ ಮುಟ್ಟಿಯೇ ಬರಬೇಕು, ನಿನಗೆ ಗೊತ್ತೇ ಇದೆ. ಆದರೆ ಅದೊಂದೇ ಕಾರಣವಲ್ಲ. ಪೆನ್ನು ಹಿಡಿಯುವ ಚೈತನ್ಯವೇ ನನಗೆ ಇರಲಿಲ್ಲ.

ಮೊದಲು ಸುದ್ದಿ. ಒಳಗೇ ಸಂಸಾರ ಮಾಡಿಕೊಂಡು ಊರೂರು ಓಡಾಡಿದ ನಮ್ಮ ಹಳೆಯ ಮನೆಗಾಡಿ ಹೋಯಿತು. ಆರಿನ್ ಅದನ್ನು ಗಾಡಿ ಮಾರುವ ಅಂಗಡಿಗೇ ಕೊಟ್ಟು, ಹೊಸದರ ಬೆಲೆಯಲ್ಲಿ ಮುರಿಸಿಕೊಂಡು, ಸಣ್ಣದೊಂದನ್ನು ಕೊಂಡ. ನಂಬುತ್ತೀಯಾ? ಹಾಗೆ ಮಾಡುವವರನ್ನು ಕಂಡರೆ ಹೊಟ್ಟೆ ಹಿಡಿದು ನಗುತ್ತಿದ್ದವನು ನನ್ನ ಈ ಗಂಡನೇ. "ಕಿಟಕಿಗೊಂದು ಮಾರಾಟದ ಬೋರ್ಡು ಹಾಕಿ ನಾಲ್ಕು ದಿನ ಕಾಯೋಕಾಗಲ್ವಾ ಇವ್ರಿಗೆ?" ಎಂದು ಬೆಂಕಿಯ ಸುತ್ತ ಕೂತಾಗ ನಿನ್ನ ಗಂಡನನ್ನೂ ಅಣಕಿಸಿದ್ದ.

ಕೊಳ್ಳುವವರು ಸಿಗಲಿಲ್ಲವೆಂದಲ್ಲ. ಯೂಮಾದಿಂದ ಗಂಡ ಹೆಂಡತಿ ಬಂದಿದ್ದರು, ಒಳ್ಳೆಯ ಜನ. ಅಂಗಡಿಯವರಿಗಿಂತ ಎಂಟು ಸಾವಿರ ಡಾಲರ್ ಹೆಚ್ಚು ಕೊಡಲು ತಯಾರಿದ್ದರು. ಆ ಮನುಷ್ಯ ಪಕ್ಕದ ಸೀಟಿನಲ್ಲಿ ಕೂತು, "ನೀವೇ ಒಂದು ಸುತ್ತು ಓಡಿಸಿ ತೋರ್ಸಿ ಯಜಮಾನ್ರೇ, ರಿವರ್ಸು ಹೆಂಗೆ ತಗೊಳ್ಳುತ್ತೆ ಅಂತಾನೂ ನೋಡ್ಬಿಡ್ತೀನಿ" ಅಂದ. ಆರಿನ್ ಕೀಲಿ ಕಿತ್ತು ಜೇಬಿಗಿಟ್ಟು, "ಮಾರೋದಿಲ್ಲ" ಅಂದುಬಿಟ್ಟ. ಮರುದಿನ ಅಂಗಡಿಯವರೇ ಬಂದು ಗಾಡಿ ಓಡಿಸಿಕೊಂಡು ಹೋದರು. ಅವರು ಹೇಳಿದ ಬೆಲೆಗೆ ಇವನು ಚೌಕಾಸಿಯನ್ನೂ ಮಾಡಲಿಲ್ಲ.

ಹೊಸ ಗಾಡಿ ತರಲು ಹೋದಾಗ ಚಾಲಕನ ಸೀಟನ್ನು ನನ್ನ ಎತ್ತರಕ್ಕೆ ಸರಿಮಾಡಿಸಿ, ತಾನು ಪಕ್ಕದಲ್ಲಿ ಕೂತ.

"ಏನಯ್ಯಾ ಇದು?" ಅಂದೆ.

"ಕಣ್ಣು ಮಂಜಾಗಿದೆ ಕಣೇ. ಎರಡು ವರ್ಷ ಆಯ್ತು. ಎದುರಿನ ರಸ್ತೆ ಹೆಂಗೋ ಕಾಣುತ್ತೆ. ಕನ್ನಡಿಯೊಳಗೆ ಏನೂ ಕಾಣಲ್ಲ."

ಎರಡು ವರ್ಷ, ಆರ್ಡಿತ್. ಬೀಡು ಬಿಟ್ಟಲ್ಲೆಲ್ಲ ನಾನು ಆ ಬಸ್ಸಿನಂಥ ಗಾಡಿಯ ಹಿಂದೆ ನಿಂತು, ಬಾ, ನಿಲ್ಲು ಎಂದು ಕೈಬೀಸಿದ್ದೇನೆ. ಅವನಿಗೆ ನನ್ನ ಕೈ ಕಂಡೇ ಇರಲಿಲ್ಲ.

"ಮತ್ತೆ ಹೆಂಗೆ ಹಿಂದಕ್ಕೆ ತರ್ತಿದ್ದೆ?"

"ನೀನು ಬಾಯಿ ಮಾಡ್ತಿದ್ಯಲ್ಲ. ಬೈಗುಳ ಜೋರಾಯ್ತು ಅಂದ್ರೆ ಬ್ರೇಕು."

ನಗು ಬಂತು. ಲೈಸೆನ್ಸು ಹೋದರೆ ಈ ಅಲೆದಾಟವೇ ಮುಗಿದೀತೆಂದು ಹೆದರಿದ್ದನಂತೆ. ಈಗ ಗಾಡಿ ನಾನೇ ಓಡಿಸುತ್ತೇನೆ. ಅವನು ಪಕ್ಕದಲ್ಲಿ ಕೂತು ನಾನು ತಿರುಗಿಸಿದ್ದಕ್ಕೆಲ್ಲ ಹೆಸರಿಡುತ್ತಾನೆ. ನಾನು ಕನ್ನಡಿ ನೋಡಿಕೊಂಡು ಓಡಿಸುತ್ತೇನೆ.

ನಿನ್ನ ಮಂಡಿ ಬೇಗ ಗುಣವಾಗಲಿ. ನೀನಿರುವ ಕಡೆ ಬಿಸಿಲು ಹಿತವಾಗಿರಲಿ, ದೇವರು ನಿನ್ನ ಗಾಡಿಯನ್ನೂ ನಿನ್ನನ್ನೂ ಕಾಯಲಿ.

ನಿನ್ನ
ಟ್ವೈಲಾ

ತಾ.ಕ.: ಹೋದ ಮಾರ್ಚಿನಲ್ಲಿ ನನ್ನ ಗಂಟಲು ಕಟ್ಟಿ ಸ್ವರವೇ ಹೊರಡದಿದ್ದಾಗ ನೀನು ಸೂಪು ತಂದುಕೊಟ್ಟೆಯಲ್ಲ, ನಮ್ಮ ನಾಯಿ ಟಾಫಿ ಗಾಡಿಯ ಹಿಂದಿನ ಚಕ್ರಕ್ಕೆ ಸಿಕ್ಕಿ ಸತ್ತಿದ್ದು ಅದೇ ವಾರ. ನಾನು ಕೈಯೆತ್ತಿದ್ದು ತಡವಾಯಿತೆಂದು ನಿನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಿದ್ದೆ. ತಡವಾಗಿರಲಿಲ್ಲ, ಆರ್ಡಿತ್. ಅವತ್ತು ಆರಿನ್ ನನ್ನ ಬೆನ್ನು ಸವರುತ್ತ, "ಹೋಗ್ಲಿ ಬಿಡು, ಯಾರಿಗಾದ್ರೂ ಒಂದ್ಸಲ ತಪ್ಪಾಗುತ್ತೆ" ಅಂದಿದ್ದ.