ಏನೂ ಮಾಡದ ತುಂಡು ನೆಲದ ಬಗ್ಗೆ

ಭೂ ನಿರ್ವಹಣೆ ಮತ್ತು ಪ್ರವಾಸೋದ್ಯಮ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ಬರುವ ಸೋಮವಾರ ಬುಲ್ಡೋಜರ್ ಕಳಿಸಿ ನೀವು ಸಮತಟ್ಟು ಮಾಡಿಸಲಿರುವ ಜಾಗ ಖಾಲಿ ಬಿದ್ದಿಲ್ಲ. ಅದು ಕೆಲಸದಲ್ಲಿದೆ. ಸುಮ್ಮನಿರುವುದೇ ಅದರ ಕೆಲಸ. ಇಷ್ಟನ್ನು ಹೇಳಲು ಮತ್ತೆ ಮತ್ತೆ ನಿಮ್ಮ ಕಚೇರಿಗೆ ಬಂದೆ. ಬಂದಾಗಲೆಲ್ಲ ನೀವು ಮೀಟಿಂಗಿನಲ್ಲಿದ್ದಿರಿ. ಆದ್ದರಿಂದ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ, ಯಾರಾದರೂ ನಿಮಗೆ ಓದಿ ಹೇಳಿಯಾರು ಎಂಬ ಆಸೆಯಿಂದ.

ನೆನಪಿಸಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ: ಹತ್ತು ವರ್ಷದ ಹಿಂದೆ ಈ ಗುಡ್ಡದ ಮಣ್ಣಿನ ಸಂಶೋಧನೆ ಮಾಡಿಕೊಡಿ ಎಂದು ನಮ್ಮನ್ನು ಕೇಳಿದ್ದು ನಿಮ್ಮದೇ ಕಚೇರಿ. ಗುಡ್ಡ ನೋಡಲು ಬರುವ ಜನರಿಂದ ಅದರ ಮಣ್ಣಿಗೂ ಕೆಳಗಿನ ಹೊಲಗಳಿಗೂ ಏನಾಗುತ್ತಿದೆ, ಅಳೆದು ತಿಳಿಸಿ ಎಂದಿರಿ. ನಾವು ಇಳಿಜಾರಿನಲ್ಲಿ ಮೂರು ತುಂಡು ಗುರುತಿಸಿದೆವು. ಒಂದರಲ್ಲಿ ಉಳುಮೆ, ಒಂದರಲ್ಲಿ ಪ್ರವಾಸಿಗರ ಓಡಾಟ. ಮೂರನೆಯದಕ್ಕೆ ಸುತ್ತ ಹಗ್ಗ ಕಟ್ಟಿ ಹಾಗೇ ಬಿಟ್ಟೆವು. ಅಲ್ಲಿ ಉಳುವಂತಿಲ್ಲ, ಮೇಯಿಸುವಂತಿಲ್ಲ, ಬಿದ್ದ ಎಲೆಯನ್ನೂ ಎತ್ತುವಂತಿಲ್ಲ. ಎಷ್ಟು ಹಾಳಾಗಿದೆ ಎಂದು ಹೇಳಲು, ಹಾಳಾಗದ್ದು ಒಂದಾದರೂ ಪಕ್ಕದಲ್ಲಿರಬೇಕಲ್ಲವೇ? ತೂಗಿ ಎಂದವರೇ ಬಂದು ತೂಕದ ಕಲ್ಲನ್ನು ಎತ್ತಿ ಎಸೆದರೆ ನಾವು ತೂಗುವುದು ಹೇಗೆ?

ಕಳೆದ ತಿಂಗಳು ನೀವು ಪರಿಶೀಲನೆಗೆ ಬಂದಿರಿ. ಉಳುಮೆಯ ತುಂಡು ನೋಡಿ ತಲೆದೂಗಿದಿರಿ. ಹಗ್ಗದ ಮುಂದೆ ನಿಂತು ಮೂಗು ಮುರಿದು, "ಇದೇನ್ರೀ, ಇಲ್ಲಿ ಏನೂ ಮಾಡೇ ಇಲ್ವಲ್ಲ?" ಎಂದಿರಿ. "ಇಲ್ಲ ಸರ್, ಹತ್ತು ವರ್ಷದಿಂದ ಏನೂ ಮಾಡಿಲ್ಲ" ಎಂದೆ, ಸ್ವಲ್ಪ ಹೆಮ್ಮೆಯಿಂದಲೇ. ವಾರದೊಳಗೆ ಆದೇಶ ಬಂತು: ಬಳಕೆಯಿಲ್ಲದ ಜಾಗ, ವಾಹನ ನಿಲುಗಡೆಗೆ ಸೂಕ್ತ.

ನನಗೆ ಪ್ರವಾಸಿಗರ ಮೇಲೆ ಹಗೆ ಎಂದು ನಿಮ್ಮವರು ಹೇಳಿಕೊಂಡು ತಿರುಗುತ್ತಿದ್ದಾರಂತೆ. ನನ್ನ ಸ್ವಂತ ಅಕ್ಕ ಗುಡ್ಡದ ಬುಡದಲ್ಲಿ ತರಕಾರಿ ಬೆಳೆಯುತ್ತಾಳೆ, ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೇ ಬಾಡಿಗೆಗೆ ಕೊಡುತ್ತಾಳೆ. ಬಂದವರಿಗೆಲ್ಲ ಭಾವ ನನ್ನನ್ನು ಪರಿಚಯಿಸುವುದು ಹೀಗೆ: "ನಮ್ಮ ನಾದಿನಿ. ಏನೂ ಮಾಡ್ದೇ ಇರೋಕೆ ಸಂಬಳ ತಗೋತಾಳೆ." ಆ ಅತಿಥಿಗಳು ಗುಡ್ಡ ಹತ್ತುವುದು ಅಕ್ಕನ ಹಿತ್ತಲಿನ ಕಾಲುದಾರಿಯಲ್ಲಿ. ಆ ಇಳಿಜಾರಿನ ಕೆಳಗಿನ ಒರತೆಯೇ ಅವಳ ತರಕಾರಿಗೆ ನೀರು. ಈ ವರ್ಷ ಮಳೆ ಚೆನ್ನಾಗಿಯೇ ಬಂದರೂ ಒರತೆ ಬೇಸಿಗೆಗೆ ಮೊದಲೇ ಸಣ್ಣಗಾಯಿತು. ಅಕ್ಕ ನಿಮಗೊಂದು ಅರ್ಜಿ ಕೊಟ್ಟಳು. ಉತ್ತರ ಬರಲಿಲ್ಲ.

ಒಂದು ಮಧ್ಯಾಹ್ನ ಅವಳನ್ನು ಮೇಲಕ್ಕೆ ಕರೆದೊಯ್ದೆ. ನಾವು ಅಳೆಯುವ ರೀತಿ ಸರಳ: ತಳವಿಲ್ಲದ ಡಬ್ಬಿಯಂಥ ಕಬ್ಬಿಣದ ಬಳೆಯನ್ನು ನೆಲಕ್ಕೆ ಒತ್ತಿ, ನೀರು ಹೊಯ್ದು, ಇಂಗುವುದನ್ನು ಕಾಯುವುದು. ಕಾಲುದಾರಿಯಲ್ಲಿ ಹೊಯ್ದ ನೀರು ಬಟ್ಟಲಲ್ಲಿ ನಿಂತಂತೆ ನಿಂತಿತು. ಅಕ್ಕ ಕೂತಳು, ಎದ್ದಳು, ಮತ್ತೆ ಬಗ್ಗಿ ನೋಡಿದಳು. ನೀರು ಅಲ್ಲೇ ಇತ್ತು. ಹಗ್ಗದೊಳಗೆ ಅಷ್ಟೇ ನೀರು ಹೊಯ್ದರೆ, ಅವಳು ಕೊಡ ಕೆಳಗಿಡುವಷ್ಟರಲ್ಲಿ ಖಾಲಿ.

"ಅಂದ್ರೆ ನಮ್ಮನೆಗೆ ಬಂದೋರೇ ನಮ್ಮ ನೀರನ್ನ ತುಳಿದು ಮುಚ್ಚಿದ್ದಾ?" ಎಂದಳು.

"ಅವರಷ್ಟೇ ಅಲ್ಲಕ್ಕ. ಆದ್ರೂ, ಹೌದು."

ಮರುದಿನವೇ ಅಕ್ಕ ಹಿತ್ತಲ ದಾರಿಗೆ ಬೇಲಿ ಹಾಕಿದಳು. ಸುತ್ತಿಕೊಂಡು ಹೋಗಬೇಕೇ ಎಂದು ಗೊಣಗಿ ಕೆಲವರು ಬೇರೆ ಕಡೆ ಕೋಣೆ ಹಿಡಿದರು. ಭಾವ ಸ್ವಲ್ಪ ದಿನ ನನ್ನೊಡನೆ ಮಾತು ಬಿಟ್ಟರು. ಈಗ ಅವರೇ ಆ ಗಟ್ಟಿ ನೆಲವನ್ನು ಸಡಿಲಿಸಿ ಹುಲ್ಲು ನೆಡುತ್ತಿದ್ದಾರೆ. ಅದು ಸುಧಾರಿಸಿತೇ ಎಂದು ತಿಳಿಯಬೇಕಾದರೆ ಹಗ್ಗದೊಳಗಿನ ನೆಲದ ಜೊತೆ ಹೋಲಿಸಬೇಕು. ಅಷ್ಟೇ ಅಲ್ಲ, ಒರತೆಯ ಮೇಲ್ಭಾಗದಲ್ಲಿ ಮಳೆ ಇನ್ನೂ ಸರಿಯಾಗಿ ಇಂಗುತ್ತಿರುವುದು ಅಲ್ಲಿ ಮಾತ್ರ. ಅದರ ಮೇಲೂ ಕಾರು ನಿಂತರೆ ಅಕ್ಕನ ಒರತೆ ಉಳಿಯುವುದಿಲ್ಲ.

ಆದೇಶ ಬಂದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಪ್ರಯೋಗಾಲಯದಲ್ಲಿ ಜರಡಿ ಹಿಡಿಯುತ್ತಿದ್ದ ಮಣ್ಣನ್ನು ಅರ್ಧಕ್ಕೇ ಬಿಟ್ಟು ಗುಡ್ಡಕ್ಕೆ ಓಡುತ್ತೇನೆ, ಹಗ್ಗ ಇದೆಯೇ ಎಂದು ಮುಟ್ಟಿ ನೋಡುತ್ತೇನೆ, ವಾಪಸು ಬರುತ್ತೇನೆ, ಮತ್ತೆ ಹೋಗುತ್ತೇನೆ. ರಸ್ತೆಯಲ್ಲಿ ಲಾರಿ ಸದ್ದಾದರೂ ಬುಲ್ಡೋಜರೇ ಬಂತೆಂದು ಹೊರಗೆ ಬಂದು ನೋಡುತ್ತೇನೆ. ನನಗೆ ಭಯವಾಗಿದೆ. ಯಂತ್ರ ಕೆಟ್ಟರೆ ಹೊಸದು ಕೊಳ್ಳಬಹುದು. ಹತ್ತು ವರ್ಷ ಯಾರೂ ಮುಟ್ಟದ ನೆಲವನ್ನು ಯಾವ ಟೆಂಡರ್ ಕರೆದು ತರಿಸುತ್ತೀರಿ?

ಕಾರು ನಿಲ್ಲಿಸಲು ಜಾಗ ಬೇಕೇ? ನೀವು ಅದ್ದೂರಿಯಾಗಿ ಉದ್ಘಾಟಿಸಿ ಬೀಗ ಜಡಿದ ಮಾಹಿತಿ ಕೇಂದ್ರದ ಮುಂದೆ ದೊಡ್ಡ ಸಿಮೆಂಟ್ ಅಂಗಳವಿದೆ. ಅಲ್ಲಿ ಇಂಗಬೇಕಾದ್ದು ಏನೂ ಉಳಿದಿಲ್ಲ. ಸೋಮವಾರಕ್ಕೆ ಮೊದಲು ಆದೇಶ ಹಿಂದಕ್ಕೆ ಪಡೆಯಿರಿ, ಹಗ್ಗದೊಳಗಿನ ನೆಲಕ್ಕೆ ಏನೂ ಮಾಡಬೇಡಿ. ನಿಮಗದು ಕಷ್ಟವಾಗಲಾರದು. ಅಕ್ಕನ ಅರ್ಜಿಗೆ ಇಷ್ಟು ದಿನ ಏನು ಮಾಡಿದ್ದೀರೋ ಇದಕ್ಕೂ ಅದನ್ನೇ ಮಾಡಿ.

ಇಂತಿ,
ನಿಮ್ಮಂತೆಯೇ ಏನೂ ಮಾಡದಿರಲು ಸಂಬಳ ಪಡೆಯುವ,
ಮಣ್ಣಿನ ಸಂಶೋಧಕಿ