ಬೇವಿನ ಬುಡಕ ಹುಗಿದ ಗಂಟು

ಹನುಮಸಾಗರ
ಬುಧವಾರ ಮಧ್ಯಾಹ್ನ

ಅಪ್ಪಾ,

ನಾ ಡಾಕ್ಟರಿಗೆ ಬೈದಿಲ್ಲ. ಅವ್ವನ ಬೆನ್ನಿನ ಗಂಟು ಕೊಯ್ದು ಏನು ಮಾಡಿದ್ರಿ ಅಂತಷ್ಟ ಕೇಳೀನಿ. “ನಿಮ್ಮಪ್ಪನ ಕೈಯಾಗ ಕೊಟ್ಟೀನಲೇ” ಅಂದ್ರು. ಸಾಲಿ ಬಿಟ್ಟಾವಗ ಏನು ತಿಳೀತೈತಿ ಅಂತೀಯಲ್ಲ, ಆ ಗಂಟಿಗೆ ಅರಿಷಿಣ ಹಚ್ಚಿ ಬೇವಿನ ಬುಡಕ ಹುಗದಾಂವ ನೀನ. ಪರೀಕ್ಷೆಗೆ ಕಳಸಬೇಕಿತ್ತು ಅಂತ ನರ್ಸಕ್ಕ ಅಂದ್ಲು. ಡಾಕ್ಟರೂ ಹೇಳಲಿಲ್ಲ, ನೀನೂ ಕೇಳಲಿಲ್ಲ.

ಹೊಲಿಗಿ ಹಾಕಿದ ಜಾಗಾದಾಗ ಮತ್ತ ಗಂಟು ಎದ್ದೈತಿ. ಬಗಲಾಗೂ ಒಂದೈತಿ. ನಿನಗ ಹೇಳಬ್ಯಾಡ ಅಂತ ಅವ್ವ ಆಣಿ ಹಾಕ್ಸ್ಯಾಳ.

ಅಕಿನ್ನ ಕೊಪ್ಪಳದ ದೊಡ್ಡ ದವಾಖಾನಿಗೆ ಕರ್ಕೊಂಡು ಹೊಂಟೀನಿ. ಎಮ್ಮಿ ನೀನ ಹಿಂಡ್ಕೋ. ಆ ಬೇವಿಗೆ ನೀರು ಹಾಕಬ್ಯಾಡ.

ಬಾಗಲಾ ಧಡಲ್ ಅಂತ ಬಡದು ಹೋಗ್ತೀನಿ. ಆ ಸಪ್ಪಳಕ್ಕರೆ ಎದ್ದು ಇದನ್ನ ಓದು.

ನಿನ್ನ ಮಗ
ಹನಮೇಶ